ಎರಡೇ ಹಿಮದ ಟೈರು

ಹಿಮ ಬೀಳುವ ಊರೊಂದರಲ್ಲಿ ವಾಮನರಾಯನೆಂಬವನಿದ್ದ. ಚಳಿಗಾಲ ಬರುತ್ತಲೇ ತನ್ನ ಕಾರಿನ ಮುಂದಿನ ಗಾಲಿಗಳಿಗೆ ಮಾತ್ರ, ಚಳಿಯಲ್ಲೂ ಮೆತ್ತಗಿದ್ದು ನೆಲ ಹಿಡಿಯುವ ಹಿಮದ ಟೈರು ಹಾಕಿಸಿ, ಅವುಗಳಡಿ ನಿಂಬೆಹಣ್ಣಿಟ್ಟು ಪೂಜೆ ಮಾಡಿದ. ಹಿಂದೆ ಬೇಸಿಗೆಯ ಹಳೇ ಟೈರುಗಳೇ ಉಳಿದವು.

“ಎಳೆಯುವವರು ನಾವು. ನೀವು ಸುಮ್ಮನೆ ಉರುಳಿಕೊಂಡು ಬನ್ನಿ, ಅಜ್ಜಿಯರೇ” ಎಂದಿತು ಮುಂದಿನ ಟೈರು, ಕಾರು ಹಿಮದ ರಸ್ತೆಗಿಳಿದಾಗ.

ಹಿಂದಿನ ಟೈರಿಗೆ ಸಿಟ್ಟಿಗಿಂತ ಭಯವೇ ಹೆಚ್ಚಾಯಿತು. ಚಳಿಗೆ ಅದರ ಮೈ ಕಲ್ಲಾಗಿತ್ತು. ಎದುರಿಗೆ ಕೆರೆಯಂಚಿನ ತಿರುವಿತ್ತು.

“ತಮ್ಮಾ, ನನಗೆ ನೆಲ ಹಿಡಿಯಲಾಗುತ್ತಿಲ್ಲ. ನಿಧಾನ!”

“ನಾನು ಹಿಡಿದಿದ್ದೇನಲ್ಲ, ಸಾಲದೇ?”

ಆ ಹಿಡಿತವನ್ನೇ ನಂಬಿದ ವಾಮನರಾಯ ವೇಗ ಇಳಿಸಲಿಲ್ಲ. ಮುಂದಿನ ಟೈರು ಗಟ್ಟಿಯಾಗಿ ಕಚ್ಚಿ ತಿರುಗಿತು, ಹಿಂಬದಿ ಜಾರಿತು. ಕಾರು ಬುಗುರಿಯಂತೆ ಸುತ್ತಿ, ನೀರಿಗೆ ಗೇಣು ದೂರದಲ್ಲಿ ಹಿಮದ ದಿಬ್ಬಕ್ಕೆ ಒರಗಿ ನಿಂತಿತು. ಹಿಂದಿನದು ಮುಂದಾಗಿತ್ತು, ಮುಂದಿನದು ಹಿಂದಾಗಿತ್ತು.

“ನಾನು ಜಾರಲೇ ಇಲ್ಲವಲ್ಲ ಅಜ್ಜೀ!” ಎಂದು ಹಿಮದ ಟೈರು ನಡುಗಿತು.

“ಇಲ್ಲ ಮಗೂ. ಆದರೂ ನೀನೂ ಬಂದೆ ನೋಡು, ನನ್ನ ಜೊತೆಗೇ.”

ಮರುದಿನ ಹಿಂದಿನ ಗಾಲಿಗಳಿಗೂ ಹಿಮದ ಟೈರು ಬಂದವು. ಹಳೆಯವು ಬೇಸಿಗೆಗೆ ಕಾಯುತ್ತ ಕೊಟ್ಟಿಗೆ ಸೇರಿದವು. ವಾಮನರಾಯ ನಿಂಬೆಹಣ್ಣು ತಂದಾಗ ಮುಂದಿನ ಟೈರು ಹೇಳಿತು: “ಮೊದಲು ಹಿಂದಿನವರಿಗೆ ಇಡಿ.”