ಕೆಂಪು ಕಾರಿನ ಅರ್ಧ ನಿಮಿಷ

ಧಾರವಾಡದ ವಕೀಲೆ ವೈಜಯಂತಿಯವರ ಅಂಗಳದಲ್ಲಿ, ಹನ್ನೊಂದು ವರ್ಷದ ಕೆಂಪು ಡೀಸೆಲ್ ಕಾರಿನ ಪಕ್ಕ ಹೊಸ ಬ್ಯಾಟರಿ ಕಾರು ಬಂದು ನಿಂತಿತು. ಕೆಂಪು ಕಾರು ಚಿಕ್ಕದಾದರೂ ಕೋರ್ಟಿನ ದಾರಿಯಲ್ಲಿ ಬಸ್ಸುಗಳನ್ನೆಲ್ಲ ಹಿಂದೆ ಹಾಕಿದ ಗಾಡಿ.

"ಅಷ್ಟು ಜೋರಾಗಿ ಓಡುತ್ತಿದ್ದವನು, ಮನೆ ಮುಟ್ಟಿದ ಮೇಲೆ ಅರ್ಧ ನಿಮಿಷ ಸುಮ್ಮನೆ ಗುರುಗುಟ್ಟುತ್ತ ನಿಲ್ಲುತ್ತಿದ್ದೆಯಂತೆ. ಯಾಕೆ?" ಎಂದು ಹೊಸ ಕಾರು ಕೇಳಿತು.

"ಅದು ಮೆಕ್ಯಾನಿಕ್ ಇಮಾಮ್‌ಸಾಬರ ಮಾತು," ಎಂದಿತು ಕೆಂಪು ಕಾರು. "'ಓಡಿ ಬಂದ ಗಾಡಿ ಅಕ್ಕಾರ, ಎಂಜಿನ್ನಿನ ಟರ್ಬೊ ಕಾದು ಬಿಸಿ ಆಗಿರ್ತೈತಿ, ಅರ್ಧ ನಿಮಿಷ ಬಿಟ್ಟು ಬಂದ್ ಮಾಡ್ರಿ' ಅಂತ ಮೊದಲ ದಿನವೇ ಹೇಳಿದ್ದರು. ಅಕ್ಕ ಒಂದು ದಿನವೂ ತಪ್ಪಿಸಲಿಲ್ಲ. ಸ್ಟೇರಿಂಗ್ ಮೇಲೆ ಕೈಯಿಟ್ಟು ಕಣ್ಣು ಮುಚ್ಚಿ ಕೂರುತ್ತಿದ್ದರು. ಆ ಸಂಜೆಗಳು ಚೆನ್ನಾಗಿದ್ದವು."

"ನಾನು ಯಾರನ್ನೂ ಕಾಯಿಸುವುದಿಲ್ಲ," ಎಂದಿತು ಹೊಸದು.

ಅದು ನಿಜ. ಮರುದಿನ ಸಂಜೆ ವೈಜಯಂತಿ ಕೋರ್ಟಿನಿಂದ ಹೊಸ ಕಾರಿನಲ್ಲಿ ಬಂದವರೇ ಗುಂಡಿ ಒತ್ತಿ, ಇಳಿದು, ನೇರ ಒಳಗೆ ನಡೆದರು. ಸ್ವಲ್ಪ ಹೊತ್ತಿನಲ್ಲೇ ಅವರ ಏರುದನಿ ಅಂಗಳದವರೆಗೂ ಕೇಳಿತು. ಆಮೇಲೆ ಅವರ ಗಂಡ ಹೇಳಿದರು: "ವೈಜು, ನಾ ಎದುರು ಪಾರ್ಟಿ ಸಾಕ್ಷಿ ಅಲ್ಲ. ಚಹಾ ಆರಿ ಹೋಗ್ತದ ಅಂದೆ, ಅಷ್ಟ."

ವೈಜಯಂತಿ ಹಳೆಯ ಕೀಲಿ ಹಿಡಿದು ಹೊರಗೆ ಬಂದರು. ಕೆಂಪು ಕಾರಿನಲ್ಲಿ ಕೂತು ಎಂಜಿನ್ ಶುರು ಮಾಡಿ, ಅರ್ಧ ನಿಮಿಷ ಕಣ್ಣು ಮುಚ್ಚಿದರು. ಬಂದ್ ಮಾಡಿ ಮೆಲ್ಲಗೆ ಒಳಗೆ ಹೋದರು.

"ಎಲ್ಲಿಗೂ ಹೋಗಲೇ ಇಲ್ಲವಲ್ಲ," ಎಂದಿತು ಹೊಸ ಕಾರು.

"ಹೋಗಲಿಲ್ಲ," ಎಂದಿತು ಕೆಂಪು ಕಾರು. "ಈಗ ಮನೆಗೆ ಬಂದರು."