ಎಡಗಡೆಯ ಬಾಗಿಲು

ಬಹಳ ಹಿಂದಿನ ಮಾತು. ಎಷ್ಟು ಹಿಂದಿನದು ಅಂತ ಮಾತ್ರ ಕೇಳಬೇಡಿ. ನಾನೊಂದು ಹೇಳುತ್ತೇನೆ, ಆ ಮೂಲೆಯಲ್ಲಿ ಕೂತ ಮುದುಕ ಇನ್ನೊಂದು ಹೇಳುತ್ತಾನೆ, ಅಷ್ಟರಲ್ಲಿ ಚಹಾ ಆರಿಹೋಗುತ್ತದೆ. ಒಂದು ಊರಿತ್ತು ಅಂದುಕೊಳ್ಳಿ. ಊರ ಹೆಸರು ಗಾಳಿಕಲ್ಲು. ಊರ ಮುಂದೆ ಬಯಲು, ಊರ ಹಿಂದೆ ಬೋಳುಗುಡ್ಡ, ಗುಡ್ಡದ ಮೈಮೇಲೆ ಸುತ್ತಿಕೊಂಡು ಹೋಗುವ ರಸ್ತೆ. ಆ ರಸ್ತೆಗೆ ನೀಲವ್ವನ ಏರು ಅನ್ನುತ್ತಿದ್ದರು. ಗುಡ್ಡದಾಚೆಯ ಸೀಮೆಗೆ ಹೋಗುವವರು ಆ ಏರು ಹತ್ತಲೇಬೇಕು, ಬೇರೆ ದಾರಿ ಇರಲಿಲ್ಲ. ಏರಿನ ನಡುವೆ ಒಂದು ಕಡಿದಾದ ತಿರುವು, ಅದರ ಅಂಚಿನ ಕೆಳಗೆ ಆಳವಾದ ಕೊರಕಲು. ಏರಿನ ಬುಡದಲ್ಲಿ ಒಂದು ಬೇವಿನ ಮರ. ಮರದ ಕೆಳಗೆ ಒಂದು ತಗಡಿನ ಶೆಡ್ಡು. ಆ ಶೆಡ್ಡಿನಲ್ಲಿ ಮಾನಪ್ಪ ಬಡಿಗೇರ ಅಂತ ಒಬ್ಬ ಮೇಸ್ತ್ರಿ ಇದ್ದ.

ಅವನ ಅಜ್ಜ ಎತ್ತಿನ ಚಕ್ಕಡಿ ಮಾಡುತ್ತಿದ್ದನಂತೆ. ಅಪ್ಪ ಚಕ್ಕಡಿ ರಿಪೇರಿ ಮಾಡುತ್ತಿದ್ದನಂತೆ. ಚಕ್ಕಡಿಗಳು ಕಡಿಮೆಯಾದ ಮೇಲೆ ಮಾನಪ್ಪ ಕಾರು ರಿಪೇರಿಗೆ ಕೈ ಹಾಕಿದ. ಕೈ ಅಂದೆ, ಆದರೆ ಊರವರು ಕಿವಿ ಅನ್ನುತ್ತಾರೆ. ಮಾನಪ್ಪನ ಕಿವಿಯಂಥ ಕಿವಿ ಈ ಸೀಮೆಯಲ್ಲಿ ಹುಟ್ಟಿಲ್ಲ ಅನ್ನುತ್ತಾರೆ. ಊಟಕ್ಕೆ ಕೂತವನು ಗುಡ್ಡ ಇಳಿಯುವ ಕಾರಿನ ಸದ್ದು ಕೇಳಿ, ಅದರದೊಂದು ಪ್ಲಗ್ಗು ಸತ್ತಿದೆ ಅಂತ ಹೇಳಿದನಂತೆ, ರೊಟ್ಟಿ ಮುರಿಯುವ ಕೈ ನಿಲ್ಲಿಸದೆ. ಇನ್ನೊಮ್ಮೆ ಮದುಮಗನ ಕಾರಿನ ಏರ್ ಫಿಲ್ಟರಿನಲ್ಲಿ ಹಲ್ಲಿ ಕೂತಿದೆ ಅಂದನಂತೆ, ಬಿಚ್ಚಿ ನೋಡಿದರೆ ಹಲ್ಲಿ ಇತ್ತಂತೆ. ಗಂಡು ಹಲ್ಲಿ ಅಂತಲೂ ಹೇಳಿದ್ದ ಅನ್ನುವವರಿದ್ದಾರೆ. ಅಷ್ಟು ನಾನು ನಂಬುವುದಿಲ್ಲ. ಹೇಳುವವರ ಬಾಯಿಗೆ ಬೀಗ ಹಾಕಲಿಕ್ಕೆ ಆಗುತ್ತದೆಯೇ?

ಅವನು ಕೇಳುವ ರೀತಿ ಹೀಗಿತ್ತು. ಕಾರು ಶೆಡ್ಡಿನ ಮುಂದೆ ನಿಲ್ಲಬೇಕು. ಡ್ರೈವರ್ ಒಳಗೇ ಇರಬೇಕು. ಮಾನಪ್ಪ ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೆ ಇಟ್ಟು, ಹಿಡಿಯನ್ನು ಕಿವಿಗೆ ಒತ್ತಿಕೊಂಡು, ಕಣ್ಣು ಮುಚ್ಚುತ್ತಿದ್ದ. ಆಕ್ಸಿಲರೇಟರು ರಪ್ಪಂತ ಒತ್ತು, ರಪ್ಪಂತ ಬಿಡು ಅನ್ನುತ್ತಿದ್ದ. ಎಂಜಿನ್ ಗರ್ ಅಂತ ಏರಿ ಇಳಿಯುತ್ತಿತ್ತು. ಆಮೇಲೆ ಇದ್ದ ರೋಗ ಹೇಳುತ್ತಿದ್ದ. ರೋಗ ಇಲ್ಲವೆಂದರೆ ಬಾನೆಟ್ಟು ಮುಚ್ಚಿ ಅದರ ಮೇಲೆ ಅಂಗೈಯಿಂದ ಒಂದು ಏಟು ಹಾಕುತ್ತಿದ್ದ. ಆ ಏಟು ಬಿದ್ದರೆ ಕಾರು ಏರು ಹತ್ತಬಹುದು ಅಂತ ಅರ್ಥ.

ಬರುಬರುತ್ತಾ ಅದೇ ಪದ್ಧತಿಯಾಯಿತು. ಮಾನಪ್ಪನ ಏಟು ಬೀಳದ ಕಾರಿಗೆ ಜನ ಹತ್ತುತ್ತಿರಲಿಲ್ಲ. ಹೆಂಗಸರು ಮಕ್ಕಳನ್ನು ಸೊಂಟದ ಮೇಲಿಟ್ಟುಕೊಂಡು, ಏಟು ಬಿತ್ತಾ ಅಂತ ಕೇಳಿಯೇ ಸೀಟಿನಲ್ಲಿ ಕೂಡುತ್ತಿದ್ದರು. ಮಾನಪ್ಪ ಒಳ್ಳೆಯವನೇ, ಸುಳ್ಳು ಹೇಳಬಾರದು. ಆದರೆ ದಿನಾ ಬೆಳಗಾದರೆ ಇಡೀ ಊರು ಕಿವಿಯನ್ನು ಹೊಗಳಿದರೆ, ಕಿವಿ ಇರುವವನಿಗೆ ಏನಾಗುತ್ತದೆ ಹೇಳಿ. ನಾವೇ ಅವನನ್ನು ಅಟ್ಟಕ್ಕೇರಿಸಿದೆವು. ಅಲ್ಲಿಂದ ಇಳಿಯುವುದು ಅವನಿಗೂ ಗೊತ್ತಾಗಲಿಲ್ಲ.

ಅದೇ ಊರಲ್ಲಿ ದುರುಗೇಶ ಅಂತ ಒಬ್ಬ ಬಾಡಿಗೆ ಕಾರಿನವನಿದ್ದ. ಹೆಚ್ಚು ಮಾತಿಲ್ಲದ ಮನುಷ್ಯ. ಸಂತೆಗೆ ಹೋಗುವವರನ್ನು, ಆಸ್ಪತ್ರೆಗೆ ಹೋಗುವವರನ್ನು ಕೂಡಿಸಿಕೊಂಡು ಏರು ಹತ್ತಿ ಇಳಿಯುತ್ತಿದ್ದ. ಅವನ ಕಾರು ಹೊಸ ನಮೂನೆಯದು. ಹಳೆಯ ಕಾರುಗಳಲ್ಲಿ ಗಾಳಿಗೆ ಪೆಟ್ರೋಲು ಬೆರೆಸುವ ಕಾರ್ಬುರೇಟರ್ ಇರುತ್ತಿತ್ತು, ಅಷ್ಟೇ. ಹೊಸದರಲ್ಲಿ ಎಂಜಿನ್ನಿಗೆ ಗಾಳಿ ಬಿಡುವ ಒಂದು ತಟ್ಟೆ, ಅದಕ್ಕೆ ಥ್ರಾಟಲ್ ಅನ್ನುತ್ತಾರೆ, ಅದರ ಪಕ್ಕಕ್ಕೆ ಒಂದು ಸಣ್ಣ ಕರಿ ಡಬ್ಬಿ ಅಂಟಿಕೊಂಡಿರುತ್ತದೆ. ಕಾಲು ಎಷ್ಟು ಒತ್ತಿತು, ತಟ್ಟೆ ಎಷ್ಟು ತೆರೆಯಿತು ಅನ್ನುವ ಸುದ್ದಿಯನ್ನು ಎಂಜಿನ್ನಿನ ಕಂಪ್ಯೂಟರಿಗೆ ಮುಟ್ಟಿಸುವುದು ಅದರ ಕೆಲಸ. ಅದಕ್ಕೆ ಸೆನ್ಸರ್ ಅನ್ನುತ್ತಾರೆ. ಸುದ್ದಿ ಸರಿಯಾಗಿ ಮುಟ್ಟಿದರೆ ಪೆಟ್ರೋಲು ಸರಿಯಾಗಿ ಬರುತ್ತದೆ. ಸುದ್ದಿ ತಪ್ಪಿದರೆ ಎಂಜಿನ್ ತಡವರಿಸುತ್ತದೆ.

ದುರುಗೇಶನ ಕಾರು ತಡವರಿಸತೊಡಗಿತು. ಅವನು ಮಾನಪ್ಪನ ಹತ್ತಿರ ಬಂದು, ಪಿಕಪ್ ಇಲ್ಲ, ನಡುವೆ ಮಿಸ್ಸಿಂಗ್ ಹೊಡೆಯುತ್ತದೆ ಅಂದ. ಮಾನಪ್ಪ ಥ್ರಾಟಲ್ ಬಿಚ್ಚಿ ಮಸಿ ತೊಳೆದ. ಪ್ಲಗ್ಗು ಬದಲಿಸಿದ. ರಪ್ಪಂತ ಒತ್ತು, ರಪ್ಪಂತ ಬಿಡು ಅಂದ. ಸದ್ದು ಹಾಲಿನಷ್ಟು ಸ್ವಚ್ಛವಾಗಿತ್ತಂತೆ. ಏಟು ಬಿತ್ತು, ದುರುಗೇಶ ಹೋದ. ಸ್ವಲ್ಪ ದಿನಕ್ಕೆ ಮತ್ತೆ ಬಂದ. ಮಾನಪ್ಪ ಮತ್ತೆ ಕಿವಿಗೊಟ್ಟ, ಏನೂ ಕೇಳಿಸಲಿಲ್ಲ. ಶೆಡ್ಡಿನ ಮುಂದೆ ಕೂತವರು, ಮಿಸ್ಸಿಂಗ್ ಕಾರಿಗಲ್ಲ, ನಿನ್ನ ತಲೆಗೆ ಅಂತ ದುರುಗೇಶನನ್ನು ಕಾಡಿಸಿದರು. ಅವನು ನಕ್ಕು ಕಾರು ಹತ್ತಿದ. ಮನೆಯಲ್ಲಿ ಹೆಂಡತಿ ಹುಲಿಗೆವ್ವನಿಗೆ ಮಾತ್ರ, ನನ್ನ ಕಾಲಿಗೆ ಗೊತ್ತಾಗುತ್ತದೆ, ಯಾರಿಗೂ ಕೇಳಿಸುವುದಿಲ್ಲ ಅಂತ ಹೇಳುತ್ತಿದ್ದನಂತೆ.

ಒಂದು ಸಂತೆಯ ದಿನ ಬೆಳಿಗ್ಗೆ ಅವನು ಮತ್ತೆ ಬಂದ. ಹಿಂದಿನ ಸೀಟಿನಲ್ಲಿ ಜನ, ಡಿಕ್ಕಿಯಲ್ಲಿ ಮೂಟೆ. ಈ ಸಲ ಅವನು ಬಾನೆಟ್ಟು ಎತ್ತಲಿಲ್ಲ. ಒಳಗಿನಿಂದ ಬಗ್ಗಿ ಎಡಗಡೆಯ ಬಾಗಿಲು ತೆರೆದ. ಆ ಸೀಟನ್ನು ಖಾಲಿ ಇಟ್ಟುಕೊಂಡೇ ಬಂದಿದ್ದ.

"ಕಾಕಾ, ಒಂದು ಸಲ ಬಂದು ಕೂಡ್ರಿ," ಅಂದ. "ತಿರುವಿನ ತನಕ ಹೋಗೋಣು. ಇಲ್ಲಿ ನಿಂತ್ರ ಅದು ಕೇಳ್ಸೂದಿಲ್ಲ. ಲೋಡ್ ಇದ್ದಾಗ, ಏರಿನ್ಯಾಗ, ಸಾವಕಾಶ ಅರ್ಧ ಕಾಲು ಒತ್ತಿದಾಗ ಅಷ್ಟ ಬರ್ತದ."

ನೋಡಿ, ರೋಗ ಏನು, ಯಾವಾಗ ಬರುತ್ತದೆ, ಎಲ್ಲಿ ಬರುತ್ತದೆ ಅಂತ ಅವನು ಬಾಯಿಬಿಟ್ಟು ಹೇಳಿದ್ದ. ಅದಕ್ಕಿಂತ ಸ್ಪಷ್ಟವಾಗಿ ಯಾರು ಹೇಳಬೇಕು? ಆದರೆ ಅವತ್ತು ಶೆಡ್ಡಿನ ಮುಂದೆ ಕಾರುಗಳ ಸಾಲು ನಿಂತಿತ್ತು. ಎಲ್ಲರೂ ಮಾನಪ್ಪನ ಮುಖ ನೋಡುತ್ತಿದ್ದರು. ಕಿವಿಯಿಂದ ಕೇಳುವವನನ್ನು ಕಾರಿನಲ್ಲಿ ಕೂತು ಬಾ ಅಂತ ಅಲ್ಲಿಯತನಕ ಯಾರೂ ಕರೆದಿರಲಿಲ್ಲ.

ಮಾನಪ್ಪ ಹೊರಗಿನಿಂದ ಬಾಗಿಲು ದೂಡಿ ಮುಚ್ಚಿದ.

"ನನ್ನ ಕಿವಿಗಿಂತ ನಿನ್ನ ಕಾಲು ಶಾಣ್ಯಾ ಏನಲೇ? ಹೋಗು," ಅಂದ. ಬಾನೆಟ್ಟಿನ ಮೇಲೆ ಏಟು ಹಾಕಿದ. ಅಲ್ಲಿದ್ದವರು ನಕ್ಕರು. ಹಿಂದಿನ ಸೀಟಿನವರೂ ನಕ್ಕರಂತೆ. ದುರುಗೇಶ ಗೇರು ಹಾಕಿದ.

ತಿರುವಿನಲ್ಲಿ ಕಾರು ತಡವರಿಸಿ ಆರಿಹೋಯಿತು. ದುರುಗೇಶ ಬ್ರೇಕು ತುಳಿದು, ಎಲ್ಲರೂ ಇಳಿಯಿರಿ, ಗಾಲಿಗೆ ಕಲ್ಲು ಕೊಡಿ ಅಂದನಂತೆ. ಜನ ಇಳಿದು ಕಲ್ಲು ಹುಡುಕುತ್ತಿದ್ದರು. ಎಂಜಿನ್ ಆರಿದರೆ ಬ್ರೇಕು ತುಳಿಯಲಿಕ್ಕೆ ಕಲ್ಲಿನ ಹಾಗೆ ಗಟ್ಟಿಯಾಗುತ್ತದೆ, ನಿಮಗೆ ಗೊತ್ತಿರಬೇಕು. ಅವನು ಎಷ್ಟು ಹೊತ್ತು ತುಳಿದು ಹಿಡಿದಾನು? ಹ್ಯಾಂಡ್‌ಬ್ರೇಕು ಎಳೆದರೂ ಮೂಟೆಯ ಭಾರಕ್ಕೆ ನಿಲ್ಲಲಿಲ್ಲ. ಯಾರೋ ಒಬ್ಬರ ಕೈಗೆ ಕಲ್ಲು ಸಿಗುವಷ್ಟರಲ್ಲಿ ಕಾರು ಹಿಂದಕ್ಕೆ ಸರಿದು ಅಂಚು ದಾಟಿತು. ಒಳಗೆ ಅವನೊಬ್ಬನೇ ಇದ್ದ. ಉಳಿದವರೆಲ್ಲ ಬದುಕಿದರು.

ಮಾನಪ್ಪನನ್ನು ಯಾರೂ ಬೈಯಲಿಲ್ಲ. ನನಗೆ ಇವತ್ತಿಗೂ ಬೇಸರವಾಗುವುದು ಅದಕ್ಕೇ. ತಿರುವು ಕೆಟ್ಟದ್ದು ಅಂದರು. ಹಣೆಬರಹ ಅಂದರು. ಹ್ಯಾಂಡ್‌ಬ್ರೇಕು ಸರಿ ಇಟ್ಟುಕೊಂಡಿರಲಿಲ್ಲ ಅಂತ ಸತ್ತವನ ಮೇಲೇ ಹಾಕಿದರು. ಏಟು ಬಿದ್ದ ಕಾರು, ಅದರ ಎಂಜಿನ್ನಿನಲ್ಲಿ ದೋಷ ಇರಲಿಕ್ಕೆ ಸಾಧ್ಯವೇ ಇಲ್ಲ ಅಂದರು. ಯಾರಾದರೂ ಒಬ್ಬರು ಕೊರಳಪಟ್ಟಿ ಹಿಡಿದು ಕೇಳಿದ್ದರೆ ಮಾನಪ್ಪನಿಗೆ ಅಷ್ಟು ಭಾರವಾಗುತ್ತಿರಲಿಲ್ಲವೇನೋ.

ಅವನು ಒಬ್ಬನೇ ಕೊರಕಲಿಗೆ ಇಳಿದು ಹೋದ. ನುಗ್ಗುನುಗ್ಗಾದ ಕಾರಿನಿಂದ ಆ ಥ್ರಾಟಲ್ ಬಿಚ್ಚಿ ತಂದ. ಶೆಡ್ಡಿನ ಬಾಗಿಲು ಹಾಕಿಕೊಂಡು, ಅದರ ಸೆನ್ಸರಿಗೆ ಬ್ಯಾಟರಿ ಕೊಟ್ಟು, ಕರೆಂಟು ಅಳೆಯುವ ಮುಳ್ಳಿನ ಮೀಟರು ಜೋಡಿಸಿದ. ರಪ್ಪಂತ ತಟ್ಟೆ ತಿರುಗಿಸಿದ. ಮುಳ್ಳು ಸರ್ರನೆ ಈ ತುದಿಯಿಂದ ಆ ತುದಿಗೆ ಹೋಯಿತು, ಏನೂ ದೋಷವಿಲ್ಲ. ಆಮೇಲೆ ಸಾವಕಾಶ ತಿರುಗಿಸಿದ. ಮುಳ್ಳು ಏರಿತು, ಏರಿತು, ನಡುವೆ ಒಂದು ಕಡೆ ದೊಪ್ಪನೆ ಸೊನ್ನೆಗೆ ಬಿತ್ತು. ಇನ್ನಷ್ಟು ತಿರುಗಿಸಿದರೆ ಮತ್ತೆ ಎದ್ದಿತು. ಏರು ಹತ್ತುವಾಗ ಕಾಲು ನಿಲ್ಲುವ ಜಾಗದಲ್ಲೇ ಸೆನ್ಸರಿನ ಒಳಗಿನ ಪಟ್ಟಿ ಸವೆದುಹೋಗಿತ್ತು. ಖಾಲಿ ಕಾರನ್ನು ನಿಲ್ಲಿಸಿ ರಪ್ಪಂತ ಒತ್ತುವವನಿಗೆ ಅದು ಜನ್ಮದಲ್ಲಿ ಸಿಗುತ್ತಿರಲಿಲ್ಲ.

ಅದನ್ನೆಲ್ಲ ಎತ್ತಿಕೊಂಡು ಅವನು ಹುಲಿಗೆವ್ವನ ಮನೆಗೆ ಹೋದ. ಅವಳ ಮುಂದೆ ನೆಲದ ಮೇಲೆ ಇಟ್ಟು, ಸಾವಕಾಶ ತಿರುಗಿಸಿ, ಮುಳ್ಳು ಬೀಳುವುದನ್ನು ತೋರಿಸಿದ. ಅವಳಿಗೆ ಮೀಟರು ತಿಳಿಯದು. ಅವನು ಬಿಡಿಸಿ ಹೇಳಿದ. ತಪ್ಪು ನನ್ನದು ಅಂದ. ಹುಲಿಗೆವ್ವ ತಾನೇ ಆ ತಟ್ಟೆ ಸಾವಕಾಶ ತಿರುಗಿಸಿ ನೋಡಿದಳಂತೆ.

"ಅವ್ರ ಕಾಲಿಗೆ ಗೊತ್ತಿತ್ತು, ಕಾಕಾ," ಅಂದಳು. "ನಿಮ್ಮ ಕಿವಿ ಮ್ಯಾಲೆ ನಂಬಿಗಿ ಇಟ್ಟು, ತಮ್ಮ ಕಾಲು ಸುಳ್ಳು ಅಂದ್ಕೊಂಡ್ರು."

ಅದಾದ ಮೇಲೆ ಮಾನಪ್ಪ ಬಾನೆಟ್ಟಿಗೆ ಏಟು ಹಾಕಲಿಲ್ಲ. ಸ್ಕ್ರೂಡ್ರೈವರನ್ನು ಕಿವಿಗೆ ಇಡಲಿಲ್ಲ. ಯಾರ ಕಾರು ಬಂದರೂ ಎಡಗಡೆಯ ಬಾಗಿಲು ತೆರೆದು ಕೂತುಬಿಡುತ್ತಿದ್ದ. ಕಾಲನ್ನು ಸಾವಕಾಶ ಒತ್ತು, ಬುಡದಿಂದ ತುದಿಯ ತನಕ ಎಲ್ಲಿಯೂ ಅವಸರ ಮಾಡಬೇಡ ಅನ್ನುತ್ತಿದ್ದ. "ನಿನ್ನ ಕಾಲು ಏನಂತದ?" ಅಂತ ಕೇಳುತ್ತಿದ್ದ. ಡ್ರೈವರ್ ಹೇಳಿದ್ದನ್ನು ತಲೆ ತಗ್ಗಿಸಿ ಕೇಳುತ್ತಿದ್ದ. ತಿರುವು ದಾಟಿದ ಮೇಲೆ ಇಳಿದು, ಬಿಸಿಲಿರಲಿ ಗಾಳಿಯಿರಲಿ, ನಡೆದುಕೊಂಡು ವಾಪಸು ಬರುತ್ತಿದ್ದ. ಹತ್ತಿಸಿ ಕಳಿಸುವುದು, ನಡೆದು ಬರುವುದು, ಮತ್ತೆ ಹತ್ತುವುದು. ಮುಪ್ಪಿನವರೆಗೂ ಅದೇ ಅವನ ಬಾಳಾಯಿತು ಅನ್ನುತ್ತಾರೆ.

ಒಮ್ಮೆ ಹುಲಿಗೆವ್ವ ತಮ್ಮನ ಕಾರಿನಲ್ಲಿ ಆಚೆ ಸೀಮೆಗೆ ಹೋಗುವುದಿತ್ತು. ಮಾನಪ್ಪ ಎಂದಿನ ಹಾಗೆ ಎಡಗಡೆ ಕೂತ. ಅವಳು ಹಿಂದೆ ಇದ್ದಳು. ಕಾರು ಚೆನ್ನಾಗಿ ಏರಿತು. ತಿರುವಿನಲ್ಲಿ ಅವನು ಇಳಿಯುವಾಗ ಅವಳು, "ಅವತ್ತ ಕೂತಿದ್ರ..." ಅಂದಳಂತೆ. ಅವನು ತಿರುಗಿ ನೋಡದೆ ಕೆಳಗೆ ನಡೆಯತೊಡಗಿದ. ಸಿಟ್ಟಿನಿಂದ ಅಂದಳೋ ಕರುಣೆಯಿಂದ ಅಂದಳೋ ಅಂತ ಜನ ಇನ್ನೂ ಜಗಳವಾಡುತ್ತಾರೆ. ನನಗೆ ಕೇಳಿದರೆ, ಎರಡೂ ಇರಬೇಕು.

ಮಾನಪ್ಪ ಹೋಗಿ ಎಷ್ಟೋ ಕಾಲವಾಯಿತು. ಶೆಡ್ಡೂ ಇಲ್ಲ, ಬೇವಿನ ಮರ ಇದೆ. ಈಗಲೂ ಏರು ಹತ್ತುವ ಮುಂಚೆ ಗಾಳಿಕಲ್ಲಿನ ಡ್ರೈವರುಗಳು ಆ ಮರದ ಕೆಳಗೆ ನಿಲ್ಲುತ್ತಾರೆ. ಎಡಗಡೆಯ ಬಾಗಿಲು ತೆರೆಯುತ್ತಾರೆ. ಒಬ್ಬ ಮುದುಕ ಕೂತು ಕಾಲು ಒಳಗೆ ತೆಗೆದುಕೊಳ್ಳುವಷ್ಟು ಹೊತ್ತು ತಡೆಯುತ್ತಾರೆ. ಆಕ್ಸಿಲರೇಟರನ್ನು ಬುಡದಿಂದ ತುದಿಯ ತನಕ ಸಾವಕಾಶ ಒತ್ತುತ್ತಾರೆ. ಒಳಗೆ ಎಷ್ಟೇ ಜನ ಇರಲಿ, ಆಗ ಯಾರೂ ಮಾತಾಡುವುದಿಲ್ಲ, ನಗುವುದಿಲ್ಲ. ಈಗಿನ ಹುಡುಗರು ಅದನ್ನು ಮಾನಪ್ಪಜ್ಜನನ್ನು ಹತ್ತಿಸಿಕೊಳ್ಳುವುದು ಅನ್ನುತ್ತಾರೆ, ಹತ್ತಿಸಿಕೊಂಡರೆ ಕಾರು ಕೆಡುವುದಿಲ್ಲ ಅಂತ ನಂಬುತ್ತಾರೆ. ನಾನು ಸಿಕ್ಕಾಗಲೆಲ್ಲ ಬೈಯುತ್ತೇನೆ. ಆ ಬಾಗಿಲು ಮೊದಲು ತೆರೆದವನು ಮಾನಪ್ಪನಲ್ಲ, ದುರುಗೇಶ. ಅವನ ಹೆಸರು ಯಾರ ಬಾಯಲ್ಲೂ ಬರುವುದಿಲ್ಲ.

ಆದರೂ ಒಂದನ್ನು ಮಾತ್ರ ಅವರು ಮರೆತಿಲ್ಲ, ಯಾಕೆ ಅಂತ ಗೊತ್ತಿಲ್ಲದಿದ್ದರೂ ತಪ್ಪದೆ ನಡೆಸಿಕೊಂಡು ಬಂದಿದ್ದಾರೆ. ಆ ಬಾಗಿಲನ್ನು ಹೊರಗೆ ನಿಂತವರು ಯಾರೂ ಮುಚ್ಚುವಂತಿಲ್ಲ. ಡ್ರೈವರನೇ ಒಳಗಿನಿಂದ ಬಗ್ಗಿ, ಕೈ ಚಾಚಿ, ಎಳೆದುಕೊಳ್ಳಬೇಕು.