ಹುಟ್ಟುಹಬ್ಬ ನಾಳೆ

“ಗುರುಗಳೇ, ಪ್ರೀತಿಯಿಂದ ಕೊಟ್ಟದ್ದನ್ನು ಬೇಡ ಎನ್ನುವುದು ಅಹಂಕಾರವಲ್ಲವೇ?” ಎಂದು ಶಿಷ್ಯ ಕೇಳಿದ.

“ಕೂತ್ಕೋ, ಹೇಳುತ್ತೇನೆ” ಎಂದರು ಗುರುಗಳು.

ಒಬ್ಬ ಗೃಹಿಣಿಗೆ ಸಕ್ಕರೆ ಕಾಯಿಲೆ ಇತ್ತು. ಎಡಗಣ್ಣು ಆಗಲೇ ಮಂಜಾಗಿತ್ತು. ಬಾಯಿ ಕಟ್ಟದಿದ್ದರೆ ಇನ್ನೊಂದೂ ಹೋಗುತ್ತದೆ ಎಂದು ಡಾಕ್ಟರು ಖಡಾಖಂಡಿತವಾಗಿ ಹೇಳಿದ್ದರು. ಮನೆಯವರಿಗೂ ಅದು ಗೊತ್ತಿತ್ತು. ಗೊತ್ತಿದ್ದರೇನು ಬಂತು? ಹಬ್ಬ ಬಂದರೆ ಹೋಳಿಗೆ, ಮದುವೆಗೆ ಹೋದರೆ ಲಾಡು, ಜೊತೆಗೆ “ಇವತ್ತೊಂದಿನ ತಿಂದರೆ ಏನೂ ಆಗಲ್ಲ” ಎಂಬ ಉಪಚಾರ. ಬೇಡ ಎಂದರೆ ಬಿಂಕ ಎನ್ನುತ್ತಿದ್ದರು. ಅವಳಿಗೆ ರೋಸಿಹೋಗಿತ್ತು.

ಆ ವರ್ಷ ತನ್ನ ಹುಟ್ಟುಹಬ್ಬಕ್ಕೆ ತಾನೇ ಚೀಸ್‌ಕೇಕ್ ಮಾಡಲು ಹೊರಟಳು. ಮೊಸರನ್ನು ಬಟ್ಟೆಯಲ್ಲಿ ಕಟ್ಟಿ ನೀರು ಬಸಿದು, ಪನೀರಿನ ಜೊತೆ ನುಣ್ಣಗೆ ರುಬ್ಬಿದಳು. ಬಿಸ್ಕತ್ತಿನ ಬದಲು ಬಾದಾಮಿ ಪುಡಿಗೆ ಬೆಣ್ಣೆ ಕಲಸಿ ಪಾತ್ರೆಯ ತಳಕ್ಕೆ ಒತ್ತಿದಳು. ರುಬ್ಬಿದ್ದನ್ನು ಅದರ ಮೇಲೆ ಸುರಿದು, ನೇರಳೆ ಹಣ್ಣಿನ ತಿರುಳನ್ನು ತೆಳ್ಳಗೆ ಸವರಿ ಫ್ರಿಜ್ಜಿನಲ್ಲಿಟ್ಟಳು. ಸಕ್ಕರೆ ಒಂದು ಹರಳೂ ಇಲ್ಲ. ಒಂದು ಸಲವಾದರೂ ಎಲ್ಲರ ಜೊತೆ ಕೂತು, ಹೆದರಿಕೆಯಿಲ್ಲದೆ ತಿನ್ನಬೇಕೆಂಬ ಆಸೆ ಅವಳದು.

ಸಂಜೆ ನೆಂಟರು ಸೇರಿದರು. ಅವಳು ಕೇಕ್ ಕತ್ತರಿಸಿ ಮೊದಲ ಚೂರನ್ನು ಬಾಯಿಗಿಟ್ಟಳು. ನಾಲಗೆಗೆ ತಕ್ಷಣ ತಿಳಿಯಿತು. ಎದ್ದುಹೋಗಿ ಬಚ್ಚಲಲ್ಲಿ ಉಗುಳಿ ಬಂದಳು.

“ಇದಕ್ಕೆ ಸಿಹಿ ಹಾಕಿದ್ದು ಯಾರು?”

“ನಾನೇ ಕಣೇ” ಎಂದ ಗಂಡ. “ಹುಟ್ಟಿದ ದಿನವೂ ನೀನು ಸಪ್ಪೆ ತಿನ್ನೋದನ್ನ ನೋಡೋಕಾಗಲಿಲ್ಲ. ನೀನು ನೇರಳೆ ಬಿಡಿಸುತ್ತಿದ್ದಾಗ ಪನೀರಿಗೆ ಒಂದು ಸೌಟು ಜೇನುತುಪ್ಪ ಕಲಸಿಬಿಟ್ಟೆ. ಅದೇನು ಸಕ್ಕರೆ ಅಲ್ಲವಲ್ಲ!”

“ಹಾಗಾದರೆ ಇದು ನಿಮ್ಮ ಕೇಕು, ನೀವೇ ತಿನ್ನಿ. ನನ್ನ ಹುಟ್ಟುಹಬ್ಬ ನಾಳೆ.”

ಅಷ್ಟೂ ಜನರ ಮುಂದೆ ಸೆರಗು ಸಿಕ್ಕಿಸಿಕೊಂಡು ಅಡುಗೆಮನೆಗೆ ಹೋದಳು. ಮತ್ತೆ ಮೊಸರನ್ನು ಬಟ್ಟೆಗೆ ಸುರಿದು ಗಂಟು ಕಟ್ಟಿದಳು. ನಾದಿನಿ ಮೂಗು ಮುರಿದಳು. ಗಂಡ ಮುಖ ಊದಿಸಿಕೊಂಡು ಕೂತ. ಅವಳು ಕ್ಯಾರೇ ಅನ್ನಲಿಲ್ಲ. ಮರುದಿನ ಒಬ್ಬಳೇ ಕೂತು ಒಂದು ಹೋಳು ತಿಂದಳು. ಹುಳಿಹುಳಿಯಾಗಿ, ಒಂಚೂರು ಒಗರಾಗಿ, ಬಲು ಸೊಗಸಾಗಿತ್ತು.

ಶಿಷ್ಯನಿಗೆ ಸಮಾಧಾನವಾಗಲಿಲ್ಲ. “ಪಾಪ, ಗಂಡ ಪ್ರೀತಿಯಿಂದ ತಾನೇ ಹಾಕಿದ್ದು? ಅವನ ಮನಸ್ಸು ನೋಯದ ಹಾಗೆ ಒಂದು ಚೂರು ತಿನ್ನಬಹುದಿತ್ತಲ್ಲ?” ಎಂದ.

ಗುರುಗಳು ಹೇಳಿದರು: “ಮುನಿಸಿಕೊಂಡ ಗಂಡನ ಮುಖ ನೋಡುವುದಕ್ಕೂ ಅವಳಿಗೆ ಕಣ್ಣು ಬೇಕಲ್ಲಪ್ಪಾ.”